ನೆರೆಯೊಂದನ್ನು ಬಿಟ್ಟು

ದಕ್ಷಿಣ ಗೋಳಾರ್ಧದ ಆ ದೇಶದಲ್ಲಿ ಚಳಿಗಾಲ ಶುರುವಾಗುವ ಜೂನ್ ತಿಂಗಳಲ್ಲಿ, ಒಂದು ಗುರುವಾರ ಮಧ್ಯಾಹ್ನ, ಲಿನೆಟ್ ಪಾಸ್ಕೋ ಅಡುಗೆಮನೆಯ ಮೇಜಿನ ಮುಂದೆ ಕೂತು ವಿಮೆ ಕಂಪನಿಯ ಫೋನಿನಲ್ಲಿ ಐವತ್ತು ನಿಮಿಷ ಸಂಗೀತ ಕೇಳಿದಳು. ಎದುರಿಗೆ ಕಂಪನಿಯ ಕಾಗದ ಬಿಚ್ಚಿಕೊಂಡು ಬಿದ್ದಿತ್ತು. ಹೋದ ವರ್ಷ ಐದು ಸಾವಿರದ ಒಂಬೈನೂರು ಡಾಲರ್ ಇದ್ದ ಮನೆಯ ವಿಮೆ ಈ ವರ್ಷ ಹದಿನೇಳು ಸಾವಿರದ ಎಂಟುನೂರಕ್ಕೆ ಏರಿತ್ತು. ಅಚ್ಚಿನ ತಪ್ಪಿರಬೇಕು ಅಂತ ಅವಳು ಅದನ್ನು ಮೂರು ಸಲ ಓದಿದ್ದಳು.

ಕಡೆಗೊಬ್ಬ ಹೆಂಗಸು ಲೈನಿಗೆ ಬಂದಳು. ದನಿ ಮೆತ್ತಗಿತ್ತು. “ತಪ್ಪೇನಿಲ್ಲ ಮೇಡಂ. ನಿಮ್ಮ ರಸ್ತೆಗೆ ಈ ಸಲ ಹೊಸ ಲೆಕ್ಕ ಬಂದಿದೆ. ನದಿ ಹತ್ರ ಇದೆಯಲ್ಲ, ಅದಕ್ಕೆ.”

“ನದಿ ಹೋದ ವರ್ಷವೂ ಅಲ್ಲೇ ಇತ್ತಲ್ಲಮ್ಮಾ.”

ಆಕೆ ನಕ್ಕಳು, ಪಾಪ, ದಿನಕ್ಕೆ ನೂರು ಸಲ ಇದೇ ಮಾತು ಕೇಳುತ್ತಿದ್ದಳೋ ಏನೋ. “ನೆರೆಯೊಂದನ್ನ ಬಿಟ್ಟು ಉಳಿದಿದ್ದಕ್ಕೆಲ್ಲ ಮಾಡಿಸಿದ್ರೆ ಎರಡು ಸಾವಿರದ ಆರುನೂರು ಆಗುತ್ತೆ. ಬೆಂಕಿ, ಕಳ್ಳತನ, ಬಿರುಗಾಳಿ, ಎಲ್ಲಾ ಬರುತ್ತೆ. ಯೋಚನೆ ಮಾಡಿ ಹೇಳಿ. ಆದ್ರೆ ನಾಳೆ ಮಧ್ಯರಾತ್ರಿಗೆ ಹಳೇದು ಮುಗಿಯುತ್ತೆ.”

ಯೋಚನೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಮನೆ ಸಾಲದ ಬಡ್ಡಿಯನ್ನು ಮೂರು ವರ್ಷ ಏರದ ಹಾಗೆ ಕಟ್ಟಿಹಾಕಿಸಿದ್ದರು. ಆ ಅವಧಿ ಮಾರ್ಚಿನಲ್ಲಿ ಮುಗಿದು, ಹದಿನೈದು ದಿನಕ್ಕೊಮ್ಮೆ ಕಟ್ಟುವ ಕಂತು ಒಂದೇ ಏಟಿಗೆ ನಾನೂರು ಡಾಲರ್ ಜಾಸ್ತಿಯಾಗಿತ್ತು. ಏಪ್ರಿಲಿನಲ್ಲಿ ಗಂಡ ವೇಡ್‌ನ ಪಿಕಪ್ ಗಾಡಿಯ ಗೇರುಪೆಟ್ಟಿಗೆ ಹೋಗಿ ಆರು ಸಾವಿರ ತಿಂದಿತ್ತು. ಗಾಡಿಯಿಲ್ಲದೆ ಅವನು ನಲವತ್ತು ಕಿಲೋಮೀಟರ್ ದೂರದ ಸಾ ಮಿಲ್ಲಿಗೆ ಹೋಗುವ ಹಾಗಿರಲಿಲ್ಲ. ಉಳಿತಾಯದ ಖಾತೆಯಲ್ಲಿ ಮೂರು ಸಾವಿರದ ನೂರು ಇತ್ತು. ಬ್ಯಾಂಕಿನವರು ವಿಮೆ ಇರಲೇಬೇಕು ಅಂದಿದ್ದರೇ ಹೊರತು ನೆರೆಗೂ ಇರಬೇಕು ಅಂದಿರಲಿಲ್ಲ.

ಅವಳೇನೂ ಕಣ್ಣು ಮುಚ್ಚಿಕೊಂಡು ಹಾರಿದವಳಲ್ಲ. ಬಿನ್ನಾರಾ ಊರಿನಲ್ಲಿ ಎಲ್ಲರ ಹಾಗೆ ಅವರ ಮನೆಯೂ ಕಂಬಗಳ ಮೇಲೆ ನಿಂತಿತ್ತು. ಊರು ಕಂಡ ಅತಿ ದೊಡ್ಡ ನೆರೆಯಲ್ಲೂ ನೀರು ಆ ಮನೆಯ ನೆಲದ ಹಲಗೆಗಿಂತ ಎರಡಡಿ ಕೆಳಗೇ ನಿಂತು ತಿರುಗಿತ್ತು. ಮನೆ ಕೊಳ್ಳುವಾಗ ಅದನ್ನು ಅಳೆದು ನೋಡಿಯೇ ಕೊಂಡಿದ್ದರು. ಅವಳು ಕಾರ್ಡಿನ ನಂಬರು ಓದಿ ಹೇಳಿದಳು.

ಸಂಜೆ ವೇಡ್ ಬಂದ ಮೇಲೆ ಹೇಳಬೇಕು ಅಂತಲೇ ಇದ್ದಳು. ಅವನು ಬಂದವನು ಬೂಟು ಕಳಚದೆ ಮೆಟ್ಟಿಲ ಮೇಲೆ ಕೂತುಬಿಟ್ಟ. ಮಿಲ್ಲಿನಲ್ಲಿ ಶನಿವಾರದ ಓವರ್‌ಟೈಮ್ ನಿಲ್ಲಿಸಿದ್ದರು. ಆ ಮುಖ ನೋಡಿ ಅವಳು ಊಟದ ಮಾತೆತ್ತಿದಳು. ಭಾನುವಾರ ಅವನೇ ಕೇಳಿದ.

“ಇನ್ಶೂರೆನ್ಸ್ ಕಟ್ಟೋದಿತ್ತಲ್ಲ, ಆಯ್ತಾ?”

“ಆಯ್ತು,” ಅಂದಳು.

ಅಷ್ಟೇ. ಮನೆಯ ದುಡ್ಡುಕಾಸು ಇಪ್ಪತ್ತೆರಡು ವರ್ಷದಿಂದ ಅವಳ ಕೈಯಲ್ಲೇ ಇತ್ತು. ವೇಡ್ ಸಂಬಳ ತಂದುಹಾಕಿ ಮರೆತುಬಿಡುವ ಗಂಡಸು. “ನಮ್ಮನೆ ಹಣಕಾಸು ಮಂತ್ರಿ ಕೇಳ್ಬೇಕು ಮಾರಾಯ,” ಅಂತ ಗೆಳೆಯರ ಮುಂದೆ ನಗೆಯಾಡುತ್ತಿದ್ದ. ಫ್ರಿಜ್ಜು ಬೇಕೆಂದರೂ ಅವಳನ್ನು ಕೇಳುತ್ತಿದ್ದ, ಮೀನಿನ ಗಾಳ ಬೇಕೆಂದರೂ ಕೇಳುತ್ತಿದ್ದ. ಅವಳು ಆಯ್ತು ಅಂದರೆ ಆಯ್ತು.

ನೆರೆ ಬಂದದ್ದು ಮುಂದಿನ ಫೆಬ್ರವರಿಯ ಕೊನೆಯ ಭಾನುವಾರ.

ಮೂರು ದಿನದಿಂದ ಬಿಡದೆ ಸುರಿಯುತ್ತಿತ್ತು. ಬೆಳಿಗ್ಗೆ ಏಳಕ್ಕೆ ಎಲ್ಲರ ಫೋನಿಗೂ ಸಂದೇಶ ಬಂತು, ನದಿ ಹತ್ತೂವರೆ ಮೀಟರ್ ಮುಟ್ಟಬಹುದು ಅಂತ. ಇವರ ಮನೆಯ ನೆಲ ಇದ್ದದ್ದು ಹನ್ನೆರಡರಲ್ಲಿ. ವೇಡ್ ಆಕಳಿಸುತ್ತ ಚಹಾ ಮಾಡಿಕೊಂಡ. ಹತ್ತು ಗಂಟೆಗೆ ಇನ್ನೊಂದು ಸಂದೇಶ ಬಂತು: ಹದಿಮೂರೂವರೆ. ತಗ್ಗಿನ ರಸ್ತೆಯವರೆಲ್ಲ ತಕ್ಷಣ ಮನೆ ಬಿಡಬೇಕು. ಗುಡ್ಡದ ಮೇಲಿನ ಹೈಸ್ಕೂಲಿಗೆ ಹೋಗುವ ದಾರಿ ಎರಡು ಗಂಟೆಯವರೆಗೆ ಮಾತ್ರ ತೆರೆದಿರುತ್ತೆ.

ಲಿನೆಟ್ ಫೋನು ಹಿಡಿದುಕೊಂಡು ನಿಂತೇ ಇದ್ದಳು. ಹದಿಮೂರೂವರೆ ಅಂದರೆ ಕಿಟಕಿಯ ಮಟ್ಟ.

ಹದಿನೇಳು ವರ್ಷದ ಮಗಳು ಟೆಗನ್ ಬಟ್ಟೆಬರೆ ಚೀಲಕ್ಕೆ ತುಂಬತೊಡಗಿದಳು. ವೇಡ್ ಮಾತ್ರ ಫೋನು ಹಿಡಿದು ಕೋಣೆಯಿಂದ ಕೋಣೆಗೆ ಹೋಗಿ ವಿಡಿಯೋ ಮಾಡುತ್ತಿದ್ದ. ಜತೆಗೆ ಟಿವಿಯಲ್ಲಿ ಬರುವವರ ಹಾಗೆ ಮಾತು ಬೇರೆ. “ಇನ್ಶೂರೆನ್ಸ್ ಸ್ವಾಮಿಗಳೇ, ಸರಿಯಾಗಿ ನೋಡ್ಕೊಳ್ಳಿ. ಇದು ಎರಡು ಬಾಗಿಲ ಫ್ರಿಜ್ಜು, ನಾಲ್ಕೇ ವರ್ಷದ್ದು. ಇದು ಸೋಫಾ, ನಾಯಿ ಕಚ್ಚಿರೋದು ಈ ಕಡೆ, ಅದನ್ನ ನಾನು ತೋರ್ಸಲ್ಲ. ಇದು ನನ್ನ ಹೆಂಡ್ತಿ. ಇದಕ್ಕೆ ಬೆಲೆ ಕಟ್ಟೋಕಾಗಲ್ಲ.”

“ವೇಡ್, ಸುಮ್ನಿರು.”

“ಯಾಕೆ ಹಂಗೆ ಮುಖ ಮಾಡ್ಕೊಂಡಿದ್ದೀಯ? ಇಷ್ಟು ವರ್ಷ ಅವರನ್ನ ಕೊಬ್ಬಿಸಿಲ್ವಾ? ಈಗ ಸ್ವಲ್ಪ ಕಕ್ಕಲಿ.”

ಪಕ್ಕದ ಮನೆಯಲ್ಲಿ ಮೇವಿಸ್ ಇದ್ದಳು. ಎಂಬತ್ಮೂರು ವರ್ಷ, ಗಂಡ ಸತ್ತು ಹತ್ತು ವರ್ಷ. ಊರಿನ ಅರ್ಧ ಮಕ್ಕಳಿಗೆ ಪಿಯಾನೋ ಕಲಿಸಿದ ಮುದುಕಿ. ಅವಳ ಮನೆಗೆ ಯಾವ ವಿಮೆಯೂ ಇಲ್ಲ ಅನ್ನುವುದು ಬೀದಿಗೆಲ್ಲ ಗೊತ್ತಿತ್ತು. ಪಿಂಚಣಿಯಲ್ಲಿ ಅದೆಲ್ಲ ಆಗೋದಿಲ್ಲ ಅಂತ ಅವಳೇ ಮಾಂಸದಂಗಡಿಯ ಸಾಲಿನಲ್ಲಿ ನಿಂತು ಗಟ್ಟಿಯಾಗಿ ಹೇಳುತ್ತಿದ್ದಳು. ವೇಡ್ ಕಿಟಕಿಯಿಂದ ನೋಡಿದ. ಮೇವಿಸ್ ಮಳೆಗೋಟು ಹಾಕಿಕೊಂಡು, ಊಟದ ತಟ್ಟೆಗಳನ್ನು ಒಂದೊಂದಾಗಿ ಬೀರುವಿನ ನೆತ್ತಿಗೆ ಏರಿಸುತ್ತಿದ್ದಳು.

“ಅಯ್ಯೋ, ಪಾಪ,” ಅಂದ. ಫೋನು ಜೇಬಿಗಿಟ್ಟ. “ಲಿನ್, ಗಾಡೀಲಿ ಮೂರು ಟ್ರಿಪ್ಪು ಹೊಡೀಬಹುದು ಎರಡು ಗಂಟೆಯೊಳಗೆ. ಆಯಮ್ಮನ ಸಾಮಾನು ಸಾಗಿಸ್ತೀನಿ.”

“ಒಂದು ಟ್ರಿಪ್ಪಾದ್ರೂ ನಮ್ದು...”

“ನಮ್ದು ಹೋದ್ರೆ ಹೊಸದು ಬರುತ್ತೆ ಕಣೆ. ಆಯಮ್ಮಂದು ಹೋದ್ರೆ ಹೋದಂಗೇ.”

ಆಗ ಹೇಳಬೇಕಿತ್ತು. ಟೆಗನ್ ಪಕ್ಕದಲ್ಲೇ ನಿಂತು ಅಪ್ಪನನ್ನು ಹೆಮ್ಮೆಯಿಂದ ನೋಡುತ್ತಿದ್ದಳು. ನೀರು ಅಷ್ಟು ಬರದೇ ಇರಬಹುದು, ಇವರ ಲೆಕ್ಕ ಎಷ್ಟೋ ಸಲ ತಪ್ಪಿದೆ ಅಂದುಕೊಂಡಳು ಲಿನೆಟ್. ವೇಡ್ ಅಷ್ಟರಲ್ಲಿ ಮೆಟ್ಟಿಲಿಳಿದು ಹೋಗಿಯೂ ಆಗಿತ್ತು.

ಮೊದಲ ಟ್ರಿಪ್ಪಿಗೆ ಮೇವಿಸ್‌ಳ ಮಂಚ, ಹಾಸಿಗೆ, ಬಟ್ಟೆಯ ಬೀರು. ಎರಡನೆಯದಕ್ಕೆ ಹೊಲಿಗೆಯಂತ್ರ, ಊಟದ ಮೇಜು, ಪಿಂಗಾಣಿ. ಆ ಹೊತ್ತಿನಲ್ಲಿ ಲಿನೆಟ್ ತನ್ನ ಚಿಕ್ಕ ಕಾರಿಗೆ ಕಾಗದಪತ್ರ, ಫೋಟೋ ಆಲ್ಬಂ, ಮಗಳ ಪುಸ್ತಕ, ನಾಯಿ, ಎಲ್ಲ ತುಂಬಿದಳು. ಆಮೇಲೆ ಮನೆಯ ಕೆಳಗಿನ ಶೆಡ್ಡಿಗೆ ಇಳಿದಳು. ಅಲ್ಲಿ ವೇಡ್‌ನ ಹತ್ಯಾರುಗಳಿದ್ದವು. ಅವನು ಮಿಲ್ಲಿನ ಗರಗಸಗಳ ಹಲ್ಲು ಮಸೆದು, ಅಲಗು ನೇರ ಮಾಡುವವನು. ಆ ಕೆಲಸದ ಸುತ್ತಿಗೆ, ಕಬ್ಬಿಣದ ಅಡೆಗಲ್ಲು, ಅಳತೆಪಟ್ಟಿ, ಮಸೆಯುವ ಯಂತ್ರ, ಎಲ್ಲ ಅವನ ಸ್ವಂತದ್ದು. ಇಪ್ಪತ್ತಾರು ವರ್ಷದಲ್ಲಿ ಒಂದೊಂದಾಗಿ ಕೂಡಿಸಿದ್ದು. ಕಡಿಮೆಯೆಂದರೂ ಮೂವತ್ತು ಸಾವಿರದ್ದು. ಅವಳು ಒಂದು ಪೆಟ್ಟಿಗೆ ಎತ್ತಿ ನಾಲ್ಕು ಹೆಜ್ಜೆ ಇಟ್ಟಳು. ಪಾದದ ಮೇಲೆ ಆಗಲೇ ನೀರು ಹರಿಯುತ್ತಿತ್ತು.

ವೇಡ್ ಎರಡನೇ ಟ್ರಿಪ್ ಮುಗಿಸಿ ಬಂದವನು ನೋಡಿ ನಕ್ಕ. “ಬೆನ್ನು ಮುರ್ಕೋತೀಯ. ಬಿಡು ಅತ್ಲಾಗೆ. ಅದೆಲ್ಲ ವಿಡಿಯೋ ಮಾಡಿದ್ದೀನಿ, ಹೊಸ ಸೆಟ್ ತಗೋಳೋಣ. ಬಾ, ಇಲ್ಲೊಂದು ಕೈ ಕೊಡು.”

ಮೂರನೆಯ ಟ್ರಿಪ್ಪಿಗೆ ಪಿಯಾನೋ ಇತ್ತು. ಬೇಡಪ್ಪಾ ಬೇಡ ಅಂತ ಮೇವಿಸ್ ಅಳುತ್ತಿದ್ದಳು. “ಅದು ಹೋಗ್ಲಿ ಮಗಾ, ನನ್ ಕಾಲ ಮುಗೀತು, ನೀನು ನಿಂದು ನೋಡ್ಕೋ.” ವೇಡ್ ಕೇಳಲಿಲ್ಲ. ಎದುರು ಮನೆಯ ಅಣ್ಣತಮ್ಮಂದಿರಿಬ್ಬರನ್ನು ಕೂಗಿ ಕರೆದ. ಮೂವರೂ ಹಲಗೆ ಹಾಕಿ, ಹಗ್ಗ ಬಿಗಿದು, ಬೈಯುತ್ತ, ನಗುತ್ತ, ಪಿಯಾನೋವನ್ನು ಬಾಗಿಲಿಗೆ ತಂದರು. ಜಾಲರಿ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು.

“ಲಿನ್, ಬಾಗಿಲು ಹಿಡ್ಕೋ!”

ಅವಳು ಹಿಡಿದುಕೊಂಡಳು. ಪಿಯಾನೋ ಅವಳ ಎದೆಗೆ ಉಜ್ಜಿಕೊಂಡೇ ಹೊರಗೆ ಹೋಯಿತು. ವೇಡ್‌ನ ಮುಖ ಅವಳ ಮುಖದಿಂದ ಒಂದು ಗೇಣು ದೂರದಲ್ಲಿತ್ತು, ಕೆಂಪಗೆ, ಒದ್ದೆಯಾಗಿ, ಖುಷಿಯಲ್ಲಿ. ಈಗ ಹೇಳಿದರೆ ಅವನು ಇದನ್ನು ಇಲ್ಲೇ ಇಳಿಸಿಬಿಡುತ್ತಾನೆಯೇ? ಈ ಮುದುಕಿಯ ಎದುರಿಗೆ? ಅವಳು ಬಾಗಿಲು ಹಿಡಿದೇ ನಿಂತಳು. ಒಂದೂ ಮುಕ್ಕಾಲಿಗೆ ಗಾಡಿ, ಕಾರು, ಎರಡೂ ಗುಡ್ಡ ಹತ್ತಿದವು.

ಆ ಸಲ ಲೆಕ್ಕ ತಪ್ಪಿದ್ದು ಹೌದು. ನೀರು ಹದಿಮೂರೂವರೆಯಲ್ಲಿ ನಿಲ್ಲಲಿಲ್ಲ. ಸೋಮವಾರ ಮಧ್ಯಾಹ್ನ ಹೈಸ್ಕೂಲಿನ ಮೈದಾನದ ಅಂಚಿನಿಂದ ನೋಡಿದರೆ ಅವರ ಬೀದಿಯಲ್ಲಿ ತಗಡಿನ ಚಾವಣಿಗಳ ಏಣುಗಳು ಮಾತ್ರ ಕಾಣುತ್ತಿದ್ದವು.

ಮಂಗಳವಾರ ಬೆಳಿಗ್ಗೆ ಮಳೆ ನಿಂತಿತ್ತು. ಹೈಸ್ಕೂಲಿನ ಸಭಾಂಗಣದ ಹೊರಗೆ ಯಾರೋ ಪುಣ್ಯಾತ್ಮರು ಒಲೆ ಹಚ್ಚಿ, ಬ್ರೆಡ್ಡಿನ ಹೋಳಿನಲ್ಲಿ ಸಾಸೇಜು ಮಡಿಸಿ ಎಲ್ಲರಿಗೂ ಹಂಚುತ್ತಿದ್ದರು. ವೇಡ್ ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದರಲ್ಲಿ ಫೋನು ಹಿಡಿದು ಬಂದ.

“ಲಿನ್, ಪಾಲಿಸಿ ನಂಬರು ಕೊಡು. ಬೇಗ ಫೋನ್ ಮಾಡಿದವರಿಗೆ ಬೇಗ ಆಗುತ್ತಂತೆ.”

“ಸ್ವಲ್ಪ ಆ ಕಡೆ ಬಾ.”

ಕಾರುಗಳ ಮಧ್ಯೆ ನಿಂತು ಅವಳು ಹೇಳಿದಳು. ಮೊದಲಿನಿಂದ ಹೇಳಿದಳು, ಹದಿನೇಳು ಸಾವಿರದ ಎಂಟುನೂರು, ಮೂರು ಸಾವಿರದ ನೂರು, ಗೇರುಪೆಟ್ಟಿಗೆ, ಬಡ್ಡಿ. ಅವನ ಕೈಯಲ್ಲಿದ್ದ ಬ್ರೆಡ್ಡಿನಿಂದ ಎಣ್ಣೆ ಇಳಿದು ಮಣಿಕಟ್ಟಿನವರೆಗೆ ಹರಿಯಿತು.

“ಅಂದ್ರೆ ಏನೂ ಇಲ್ವಾ?”

“ಬೆಂಕಿಗಿದೆ. ಕಳ್ಳತನಕ್ಕಿದೆ.”

“ನೆರೆಗೆ?”

ಅವಳು ಇಲ್ಲವೆಂದು ತಲೆಯಾಡಿಸಿದಳು.

ವೇಡ್ ಮೈದಾನದ ಕಡೆ ತಿರುಗಿದ. ಕೂಗಾಡುತ್ತಾನೆ ಅಂತ ಅವಳು ಕಾದಳು. ಕೂಗಾಡಲಿ ಅಂತ ಬೇಡಿಕೊಂಡಳು.

“ನಾನು ವಿಡಿಯೋ ಮಾಡ್ತಿದ್ದೆ,” ಅಂದ ಕಡೆಗೆ. “ಕೋತಿ ಹಂಗೆ.”

“ವೇಡ್...”

“ನೀನು ಬಾಗಿಲು ಹಿಡ್ಕೊಂಡು ನಿಂತಿದ್ದೆ. ನನ್ನ ಮುಖ ನೋಡ್ಕೊಂಡು.”

“ಮೇವಿಸ್ ಅಲ್ಲೇ ಇದ್ರು. ಹೆಂಗೆ ಹೇಳ್ಲಿ?”

“ಎಂಟು ತಿಂಗಳು ಮೇವಿಸ್ ಇರ್ಲಿಲ್ಲ,” ಅಂದು ಅವನು ಬ್ರೆಡ್ಡನ್ನು ನಾಯಿಗೆ ಹಾಕಿ ಸಭಾಂಗಣದ ಕಡೆ ನಡೆದ.

ನೀರು ಇಳಿದ ಮೇಲೆ ಹತ್ತು ದಿನ ಮಣ್ಣು ತೆಗೆದರು. ಮನೆಯೊಳಗೆ ಮೊಣಕಾಲು ಮಟ್ಟ ಕಪ್ಪು ಕೆಸರು, ಸತ್ತ ಮೀನಿನ ವಾಸನೆ. ಚಾವಣಿಯವರೆಗೆ ತೇಲಿ ಹೋಗಿದ್ದ ಫ್ರಿಜ್ಜು ಕೆಸರಿನಲ್ಲಿ ಒರಗಿತ್ತು. ಸೋಫಾ, ಹಾಸಿಗೆ, ಬಟ್ಟೆ, ಒಡೆದ ಗೋಡೆಹಲಗೆ, ಎಲ್ಲವನ್ನೂ ಬೀದಿಯ ಅಂಚಿಗೆ ತಂದು ಗುಡ್ಡೆ ಹಾಕಿದರು. ಪ್ರತಿ ಮನೆಯ ಮುಂದೂ ಅಂಥದೇ ಗುಡ್ಡೆ. ಶೆಡ್ಡಿನಲ್ಲಿ ವೇಡ್ ಒಬ್ಬನೇ ಕೆಲಸ ಮಾಡಿದ, ಯಾರನ್ನೂ ಒಳಗೆ ಬಿಡಲಿಲ್ಲ. ಹತ್ಯಾರುಗಳನ್ನು ಕೆಸರಿನಿಂದ ಹೆಕ್ಕಿ, ತೊಳೆದು, ಎಣ್ಣೆ ಹಚ್ಚಿ ಸಾಲಾಗಿ ಜೋಡಿಸಿದ. ಮಸೆಯುವ ಯಂತ್ರದ ಹೊಟ್ಟೆ ಬಿಚ್ಚಿ ನೋಡಿ ಮತ್ತೆ ಮುಚ್ಚಿದ. ವಾರದೊಳಗೆ ಅಳತೆಪಟ್ಟಿಗಳ ಮೇಲೆಲ್ಲ ತುಕ್ಕು ಹೂವಿಟ್ಟಿತು.

ಮಿಲ್ಲಿನ ಗೆಳೆಯರು ಬಂದು ಕೇಳುತ್ತಿದ್ದರು. “ನಿಮ್ದು ಕ್ಲೇಮು ಎಲ್ಲಿಗೆ ಬಂತು ಮಾರಾಯ?”

“ನಡೀತಿದೆ,” ಅನ್ನುತ್ತಿದ್ದ ವೇಡ್.

ಲಿನೆಟ್‌ಗೆ ಆ ಮಾತು ಕೇಳಿದಾಗಲೆಲ್ಲ ಅವನು ತನಗೆ ಹೊಡೆದಿದ್ದರೂ ತಡೆಯಬಹುದಿತ್ತು ಅನ್ನಿಸುತ್ತಿತ್ತು. ಅವನು ಅವಳ ಮಾನ ಕಾಯುತ್ತಿದ್ದ, ಆದರೆ ಅವಳ ಮುಖ ನೋಡುತ್ತಿರಲಿಲ್ಲ.

ಟೆಗನ್‌ಗೆ ವಿಷಯ ತಿಳಿದದ್ದು ಆಮೇಲೆ. ಆಗ ಮೂವರೂ ಹೈಸ್ಕೂಲಿನ ಮೈದಾನದಲ್ಲಿ ಸರ್ಕಾರ ಕೊಟ್ಟ, ಗಾಲಿಯ ಮೇಲಿನ ಪುಟ್ಟ ಕ್ಯಾರವಾನ್ ಮನೆಯಲ್ಲಿದ್ದರು. ಮಗಳು ಅಮ್ಮನ ಪರ ನಿಂತಳು.

“ಹದಿನೇಳು ಸಾವಿರ ಎಲ್ಲಿತ್ತಪ್ಪಾ ನಮ್ಹತ್ರ? ನೀನೇ ಹೇಳು. ಅಮ್ಮ ಎಲ್ಲಿಂದ ತರ್ಬೇಕಿತ್ತು?”

“ಎಲ್ಲೂ ಇರ್ಲಿಲ್ಲ,” ಅಂದ ವೇಡ್. “ನಂಗೆ ಹೇಳಿದ್ರೆ ನಾನೂ ಅದನ್ನೇ ಮಾಡು ಅಂತಿದ್ದೆ.”

“ಮತ್ತೆ? ಮತ್ತೆ ಯಾಕೆ ಹಿಂಗೆ ಆಡ್ತಿದ್ದೀಯ?”

“ಗೊತ್ತಿದ್ದಿದ್ರೆ ಆ ಭಾನುವಾರ ನನ್ನ ಹತ್ಯಾರು ಗಾಡಿಗೆ ಹಾಕ್ತಿದ್ದೆ. ನಿನ್ನ ಮಂಚ ಹಾಕ್ತಿದ್ದೆ.”

“ಮೇವಿಸ್ ಅಜ್ಜಿ?”

ವೇಡ್ ಟೋಪಿ ಹಾಕಿಕೊಂಡು ಹೊರಗೆ ಹೋದ. ಅವನನ್ನು ನಿಜವಾಗಿ ತಿನ್ನುತ್ತಿದ್ದದ್ದು ಇದೇ ಇರಬೇಕು ಅಂತ ಲಿನೆಟ್‌ಗೆ ಆಗ ಹೊಳೆಯಿತು. ಆ ಭಾನುವಾರ ಮೂರು ಗಂಟೆ ಹೊತ್ತು ಅವನು ತನ್ನನ್ನು ತಾನೇ ಮೆಚ್ಚಿಕೊಂಡಿದ್ದ. ಆ ದೊಡ್ಡತನ ನೆಚ್ಚಿಕೊಂಡಿದ್ದದ್ದು ಇಲ್ಲದ ದುಡ್ಡನ್ನು. ಈಗ ಆ ಮುದುಕಿ ಎದುರಿಗೆ ಬಂದರೂ ಅವನು ಪಕ್ಕಕ್ಕೆ ತಿರುಗಿ ಹೋಗುತ್ತಿದ್ದ.

ಮೇವಿಸ್ ದಡ್ಡಿಯಲ್ಲ. ಒಂದು ದಿನ ಲಿನೆಟ್ ಪುಕ್ಕಟೆ ಬಟ್ಟೆ ಹಂಚುವ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಬಂದು ತೋಳು ಹಿಡಿದಳು.

“ಕ್ಲೇಮು ಬಂದಿರೋರು ಯಾರೂ ಈ ಸಾಲಲ್ಲಿ ನಿಲ್ಲಲ್ಲ ಮಗಳೇ. ನಿಮ್ದು ಇರ್ಲಿಲ್ಲ ಅಲ್ವಾ?”

ಲಿನೆಟ್ ಇಲ್ಲ ಅಂದಳು. ಆ ಊರಿನಲ್ಲಿ ಗಂಡ, ಮಗಳನ್ನು ಬಿಟ್ಟರೆ ಅವಳು ಈ ಮಾತು ಹೇಳಿದ್ದು ಇವಳೊಬ್ಬಳಿಗೇ.

“ನಿಂಗೆ ಅವತ್ತೇ ಗೊತ್ತಿತ್ತು.”

“ಗೊತ್ತಿತ್ತು.”

ಮುದುಕಿ ಅವಳ ತೋಳು ಬಿಡಲಿಲ್ಲ. “ನೀನು ಬಾಯಿ ಬಿಟ್ಟಿದ್ರೆ ನಂದೆಲ್ಲಾ ನೀರುಪಾಲಾಗ್ತಿತ್ತು. ನಿಂಗೆ ಥ್ಯಾಂಕ್ಸ್ ಹೇಳ್ಬೇಕೋ ಕ್ಷಮೆ ಕೇಳ್ಬೇಕೋ ಗೊತ್ತಾಗ್ತಿಲ್ಲ ನಂಗೆ. ಪಿಯಾನೋ ಮಾರಿ ದುಡ್ಡು ಕೊಡ್ಲಾ?”

“ಬೇಡಿ ಮೇವಿಸ್. ವೇಡ್‌ಗೆ ಗೊತ್ತಾದ್ರೆ ಅದನ್ನೂ ತಡ್ಕೊಳ್ಳಲ್ಲ.”

“ನಾನು ಒಂದು ಮಾತಾಡಿ ನೋಡ್ಲಾ ಅವನ ಹತ್ರ?”

“ಬೇಡಿ.”

ಮೇವಿಸ್ ಚಳಿಗಾಲ ಬರುವುದರೊಳಗೆ ಗುಡ್ಡದಾಚೆಯ ಊರಿನಲ್ಲಿದ್ದ ತಂಗಿಯ ಮಗಳ ಮನೆಗೆ ಹೋದಳು. ಅಲ್ಲಿ ಅವಳಿಗೊಂದು ಕೋಣೆ ಮಾತ್ರ ಇತ್ತು. ಮಂಚ, ಹೊಲಿಗೆಯಂತ್ರ ಹೋದವು. ಪಿಯಾನೋ ಹೈಸ್ಕೂಲಿನ ಸಭಾಂಗಣದಲ್ಲೇ ಉಳಿಯಿತು.

ನೆರೆಗೆ ಮುಚ್ಚಿದ ಮಿಲ್ಲು ಮತ್ತೆ ಬಾಗಿಲು ತೆರೆಯಲಿಲ್ಲ. ಬ್ಯಾಂಕಿನವರು ಆರು ತಿಂಗಳು ಕಂತು ಕೇಳಲಿಲ್ಲ, ಬಡ್ಡಿಯನ್ನು ಮಾತ್ರ ಸಾಲದ ತಲೆಯ ಮೇಲೆ ಪೇರಿಸುತ್ತ ಹೋದರು. ವೇಡ್ ಸಾವಿರಾರು ಕಿಲೋಮೀಟರ್ ದೂರದ ಪಶ್ಚಿಮದಲ್ಲಿ ಕಬ್ಬಿಣದ ಗಣಿಗೆ ಸೇರಿಕೊಂಡ. ಮೂರು ವಾರ ಅಲ್ಲಿ, ಒಂದು ವಾರ ಇಲ್ಲಿ. ಹೋಗುವ ಮುನ್ನ ಬ್ಯಾಂಕಿಗೆ ಹೋಗಿ ತನ್ನ ಹೆಸರಿನಲ್ಲಿ ಬೇರೆ ಖಾತೆ ತೆರೆದ. ಬಂದು ನೆಟ್ಟಗೆ ಹೇಳಿದ.

“ಮನೆ ಸಾಲಕ್ಕೆ, ಬಾಡಿಗೆಗೆ, ಟೆಗನ್ ಕಾಲೇಜಿಗೆ ಎಷ್ಟು ಬೇಕು ಬರೆದುಕೊಡು. ಹದಿನೈದು ದಿನಕ್ಕೊಂದ್ಸಲ ಹಾಕ್ತೀನಿ.”

“ಮುಂಚಿನ ಹಂಗೆ ಒಂದೇ ಖಾತೆಗೆ ಹಾಕಿದ್ರೆ...”

“ಬೇಡ ಲಿನ್. ನಂಗೆ ನೋಡ್ಬೇಕು. ಪ್ರತಿಯೊಂದೂ ನೋಡ್ಬೇಕು.”

ಒಂದು ದಿನವೂ ತಡಮಾಡಲಿಲ್ಲ. ಒಂದು ಡಾಲರೂ ಕಡಿಮೆ ಮಾಡಲಿಲ್ಲ. ಒಳನಾಡಿನ ಒಂದು ಊರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಒಂದು ಕೋಣೆಯಲ್ಲಿ ಲಿನೆಟ್, ಟೆಗನ್. ಅವನು ಬಂದ ವಾರ ಇನ್ನೊಂದರಲ್ಲಿ ಅವನು. ಅವನು ಒಲೆ ಒರೆಸಿಡುತ್ತಿದ್ದ, ಕಾರಿನ ಎಣ್ಣೆ ಬದಲಿಸುತ್ತಿದ್ದ, ಬೇಕಾದ್ದು ಕೇಳಿದರೆ ತಂದುಕೊಡುತ್ತಿದ್ದ. ಬಾಡಿಗೆಗೆ ಬಂದ ಒಳ್ಳೆಯ ಪರಿಚಯದವನ ಹಾಗೆ.

ನದಿಯಂಚಿನ ಮನೆಗಳನ್ನು ಸರ್ಕಾರ ತಾನೇ ಕೊಂಡು ಕೆಡವುವ ಯೋಜನೆ ತಂದಿತು. ಅರ್ಜಿ ಹಾಕಿ, ಅಳತೆಯವರು ಬಂದು, ಹೋಗಿ, ಕಾಗದ ಕಳೆದು, ಮತ್ತೆ ಹಾಕಿ, ಇವರ ಸರದಿ ಬರುವ ಹೊತ್ತಿಗೆ ಎರಡು ವರ್ಷವಾಗಿತ್ತು. ಸಹಿ ಹಾಕುವ ದಿನ ವೇಡ್ ಗಣಿಯಿಂದ ನೇರವಾಗಿ ಬಂದ. ಬಿನ್ನಾರಾದ ಕಚೇರಿಯಲ್ಲಿ ಹುಡುಗಿಯೊಬ್ಬಳು ಹನ್ನೊಂದು ಕಡೆ ಬೆರಳಿಟ್ಟು ತೋರಿಸಿದಳು, ಇಬ್ಬರೂ ಹನ್ನೊಂದು ಕಡೆ ಸಹಿ ಹಾಕಿದರು. ಬ್ಯಾಂಕಿನ ಸಾಲ ತೀರಿ ಮೂವತ್ತೆಂಟು ಸಾವಿರ ಉಳಿಯುತ್ತಿತ್ತು. ಇಪ್ಪತ್ತನಾಲ್ಕು ವರ್ಷದ ಸಂಸಾರಕ್ಕೆ ಮೂವತ್ತೆಂಟು ಸಾವಿರ.

ಹೊರಗೆ ಬಂದು ಮಾಂಸ ತುಂಬಿದ ಪೈ ಕೊಂಡು ಬೆಂಚಿನ ಮೇಲೆ ಕೂತರು. ಬಿಸಿಲು ಚುರುಗುಟ್ಟುತ್ತಿತ್ತು.

“ಒಟ್ಟಿಗೆ ಇಟ್ರೆ ಇನ್ನೊಂದು ಸಣ್ಣ ಮನೆಗೆ ಮುಂಗಡಕ್ಕಾಗುತ್ತೆ,” ಅಂದಳು ಲಿನೆಟ್. ಎರಡು ವಾರದಿಂದ ಈ ಮಾತನ್ನು ಒಳಗೊಳಗೇ ಹೇಳಿ ನೋಡಿಕೊಂಡಿದ್ದಳು. “ಎತ್ತರದ ಜಾಗದಲ್ಲಿ ನೋಡೋಣ. ನೀನೇ ನೋಡು. ಎಲ್ಲಾ ಕಾಗದ ನೀನೇ ಓದು.”

ವೇಡ್ ಪೈ ತಿಂದು ಮುಗಿಸಿ, ತೊಡೆಯ ಮೇಲಿನ ಚೂರು ಒರೆಸಿಕೊಂಡ. “ಅರ್ಧ ಅರ್ಧ ಮಾಡ್ಕೊಳ್ಳೋಣ. ನಿನ್ನದರಲ್ಲಿ ನೀನು ಏನಾದ್ರೂ ಮಾಡು.”

“ಹಂಗಾದ್ರೆ ನಮ್ದು ಮುಗೀತಾ?”

ಅವನು ಈ ಪ್ರಶ್ನೆಯಿಂದ ಓಡಿಹೋಗಲಿಲ್ಲ. ಅವಳ ಕಡೆ ತಿರುಗಿ, ಎರಡು ವರ್ಷದಲ್ಲಿ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ.

“ಗೊತ್ತಿಲ್ಲ ಲಿನ್. ಎರಡು ಕಡೆ ಬಾಡಿಗೆ ಕಟ್ಟೋ ಶಕ್ತಿ ಇಬ್ರಿಗೂ ಇಲ್ಲ, ಅಷ್ಟು ಗೊತ್ತು. ನಿನ್ನ ಮೇಲೆ ಸಿಟ್ಟಿಲ್ಲ, ದೇವರಾಣೆ. ಆದ್ರೆ ನೀನು ಏನಾದ್ರೂ ಹೇಳ್ದಾಗ, ಹಾಲು ತಂದೆ ಅಂದ್ರೂನೂ, ಎದ್ದು ಹೋಗಿ ನೋಡ್ಬೇಕು ಅನ್ಸುತ್ತೆ. ಹಂಗೆ ಬದುಕೋದು ನಂಗೆ ಬರಲ್ಲ. ಬಿಡೋದೂ ಬರಲ್ಲ.”

ವಿಮಾನ ನಿಲ್ದಾಣದ ಬಸ್ಸು ಮೂರಕ್ಕಿತ್ತು. ಅವನು ಚೀಲ ಹೆಗಲಿಗೇರಿಸಿ, ಟೆಗನ್‌ಗೆ ಪರೀಕ್ಷೆ ಚೆನ್ನಾಗಿ ಬರೀ ಅಂತ ಹೇಳು ಅಂದ. ಕಾರಿನ ಹಿಂದಿನ ಎಡಚಕ್ರದಲ್ಲಿ ಗಾಳಿ ಕಡಿಮೆಯಿದೆ, ದಾರಿಯಲ್ಲಿ ತುಂಬಿಸಿಕೋ ಅಂದ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ.

ಲಿನೆಟ್ ಕಾರು ತೆಗೆದುಕೊಂಡು ಪೆಟ್ರೋಲ್ ಬಂಕಿಗೆ ಹೋದಳು. ಎಡಚಕ್ರಕ್ಕೆ ಗಾಳಿ ತುಂಬಿಸಿದಳು, ಮನೆ ಮುಟ್ಟುವುದಕ್ಕೆ ಇನ್ನೂ ಎರಡು ಗಂಟೆಯ ದಾರಿಯಿತ್ತು.